ವಿಂಡೋಸ್ ಬದಲಿಸಿದ ಮೇಲೆ ಮಾನಿಟರ್ ಮಸುಕಾದರೆ

ಹೊಸದಾಗಿ ವಿಂಡೋಸ್ 11 ಹಾಕಿದ್ದಾಗಿದೆ, ಆದರೆ ಪರದೆ 1024×768ರಲ್ಲೇ ನಿಂತಿದೆ. ಅಕ್ಷರಗಳು ಊದಿಕೊಂಡಿವೆ, ಸೆಟ್ಟಿಂಗ್ಸ್‌ನಲ್ಲಿ 1920×1080 ಕಾಣುತ್ತಲೇ ಇಲ್ಲ. ಆಗ ಹೆಚ್ಚಿನವರು ಮಾನಿಟರ್ ಡ್ರೈವರ್ (ಯಂತ್ರಭಾಗವನ್ನು ವಿಂಡೋಸ್‌ಗೆ ಪರಿಚಯಿಸುವ ತಂತ್ರಾಂಶ) ಹುಡುಕಲು ಹೊರಡುತ್ತಾರೆ. ದೋಷ ಇರುವುದು ಸಾಮಾನ್ಯವಾಗಿ ಬೇರೆ ಕಡೆ. ಮಾನಿಟರ್ ಡ್ರೈವರ್ ಅಂದರೆ ಮಾನಿಟರಿನ ಹೆಸರು, ಅದಕ್ಕೆ ಒಪ್ಪುವ ರೆಸಲ್ಯೂಶನ್ ಬರೆದಿಟ್ಟ ಪುಟ್ಟ ಐಎನ್‌ಎಫ್ ಫೈಲು, ಜೊತೆಗೆ ಬಣ್ಣ ಹೇಗೆ ತೋರಬೇಕೆಂದು ಹೇಳುವ ಒಂದು ಕಲರ್ ಪ್ರೊಫೈಲ್, ಅಷ್ಟೆ. ಪರದೆಗೆ ಚಿತ್ರ ಕಳಿಸುವುದು ಗ್ರಾಫಿಕ್ಸ್ ಡ್ರೈವರ್.

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಡಿಸ್‌ಪ್ಲೇ ಅಡಾಪ್ಟರ್ಸ್ ಕೆಳಗೆ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಗ್ರಾಫಿಕ್ಸ್ ಡ್ರೈವರ್ ಕೂತಿಲ್ಲ ಎಂದರ್ಥ. ಅದರ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್, ಅಲ್ಲಿ ಹಾರ್ಡ್‌ವೇರ್ ಐಡಿ ನೋಡಿ. ‘ವಿಇಎನ್’ ಮುಂದೆ 8086 ಇದ್ದರೆ ಇಂಟೆಲ್, 10ಡಿಇ ಇದ್ದರೆ ಎನ್ವಿಡಿಯಾ, 1002 ಇದ್ದರೆ ಎಎಂಡಿ. ಮೊದಲು ವಿಂಡೋಸ್ ಅಪ್‌ಡೇಟ್‌ನ ಆಪ್ಷನಲ್ ಅಪ್‌ಡೇಟ್ಸ್ ನೋಡಿ. ಸಿಗದಿದ್ದರೆ ಲ್ಯಾಪ್‌ಟಾಪ್ ಅಥವಾ ಚಿಪ್ ತಯಾರಕರ ತಾಣದಿಂದಲೇ ಇಳಿಸಿಕೊಳ್ಳಿ. ವಿಂಡೋಸ್ 11ಕ್ಕೆ 64 ಬಿಟ್ ಆವೃತ್ತಿಯೇ ಬೇಕು, ಹಳೆಯ ಸಿಡಿಯಲ್ಲಿರುವ 32 ಬಿಟ್ ಡ್ರೈವರ್ ಕೂರುವುದಿಲ್ಲ. ‘ಡ್ರೈವರ್ ಅಪ್‌ಡೇಟರ್’ ಎಂದು ಜಾಹೀರಾತಿನಲ್ಲಿ ಬರುವ ತಂತ್ರಾಂಶಗಳ ಗೊಡವೆ ಬೇಡವೇ ಬೇಡ.

ಗ್ರಾಫಿಕ್ಸ್ ಸರಿಯಿದ್ದೂ ರೆಸಲ್ಯೂಶನ್ ಏರದಿದ್ದರೆ ಮಾನಿಟರ್ಸ್ ವಿಭಾಗಕ್ಕೆ ಬನ್ನಿ. ‘ಜೆನೆರಿಕ್ ಪಿಎನ್‌ಪಿ ಮಾನಿಟರ್’ ಎಂದಿದ್ದರೆ ಗಾಬರಿ ಬೇಡ, ಅದು ಸರಿಯಾಗಿಯೇ ಇದೆ. ಪಿಎನ್‌ಪಿ ಅಂದರೆ ಪ್ಲಗ್ ಅಂಡ್ ಪ್ಲೇ, ಜೋಡಿಸಿದೊಡನೆ ಕಂಪ್ಯೂಟರ್ ತಾನೇ ಗುರುತಿಸುವುದು. ‘ನಾನ್ ಪಿಎನ್‌ಪಿ’ ಎಂದಿದ್ದರೆ ಮಾತ್ರ ತೊಂದರೆ. ಮಾನಿಟರ್ ತನ್ನ ವಿವರವನ್ನು ಇಡಿಐಡಿ ಎಂಬ ದತ್ತಾಂಶದಲ್ಲಿ ಕೇಬಲ್ ಮೂಲಕ ಕಂಪ್ಯೂಟರಿಗೆ ಹೇಳುತ್ತದೆ. ಆ ಮಾತು ಇಲ್ಲಿ ತಲುಪುತ್ತಿಲ್ಲ. ವಿಜಿಎ ಕೇಬಲ್‌ನಲ್ಲಿ ಈ ಕೆಲಸ 12 ಮತ್ತು 15ನೇ ಪಿನ್‌ಗಳದು. ಅವು ಬಾಗಿದ್ದರೆ ಅಥವಾ ಮುರಿದಿದ್ದರೆ ಚಿತ್ರವೇನೋ ಬರುತ್ತದೆ, ವಿವರ ಬರುವುದಿಲ್ಲ. ಅಗ್ಗದ ವಿಜಿಎ–ಎಚ್‌ಡಿಎಂಐ ಅಡಾಪ್ಟರ್‌ಗಳಲ್ಲೂ ಇದೇ ಗೋಳು. ಬೇರೆ ಕೇಬಲ್ ಹಾಕಿ, ಅಡಾಪ್ಟರ್ ಇಲ್ಲದೆ ನೇರವಾಗಿ ಜೋಡಿಸಿ ನೋಡಿ.

ಕೇಬಲ್ ಬದಲಿಸಿದರೂ ‘ನಾನ್ ಪಿಎನ್‌ಪಿ’ ಹೋಗದಿದ್ದರೆ ಆಗ ಐಎನ್‌ಎಫ್ ಹಾಕಿ. ತಯಾರಕರ ತಾಣದಿಂದ ನಿಮ್ಮ ಮಾಡೆಲ್‌ನದೇ ಫೈಲನ್ನು ಇಳಿಸಿ, ಜಿಪ್ ಬಿಚ್ಚಿ. ಡಿವೈಸ್ ಮ್ಯಾನೇಜರ್‌ನಲ್ಲಿ ಮಾನಿಟರ್ ಮೇಲೆ ರೈಟ್ ಕ್ಲಿಕ್, ಅಪ್‌ಡೇಟ್ ಡ್ರೈವರ್, ಬ್ರೌಸ್ ಮೈ ಕಂಪ್ಯೂಟರ್, ಲೆಟ್ ಮಿ ಪಿಕ್, ಕೊನೆಗೆ ಹ್ಯಾವ್ ಡಿಸ್ಕ್ ಒತ್ತಿ ಆ ಫೋಲ್ಡರ್ ತೋರಿಸಿ.

ಫೈಲು ಅಸಲಿ ಎಂದು ಸಾರುವ ಡಿಜಿಟಲ್ ಸಹಿ ಇಲ್ಲ ಎಂದು ವಿಂಡೋಸ್ ತಡೆದರೆ ಶಿಫ್ಟ್ ಹಿಡಿದು ರೀಸ್ಟಾರ್ಟ್ ಒತ್ತಿ. ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ದಾಟಿ ಮತ್ತೆ ರೀಸ್ಟಾರ್ಟ್ ಕೊಟ್ಟು, ಬರುವ ಪಟ್ಟಿಯಲ್ಲಿ 7 ಒತ್ತಿ. ಸಹಿಯ ತಪಾಸಣೆ ಆ ಒಂದು ಸಲಕ್ಕೆ ಮಾತ್ರ ನಿಲ್ಲುತ್ತದೆ. ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಇರುವ ಯಂತ್ರ ಇಲ್ಲಿ ರಿಕವರಿ ಕೀ ಕೇಳಬಹುದು, ಮೊದಲೇ ಬರೆದಿಟ್ಟುಕೊಳ್ಳಿ. ಪಟ್ಟಿಯಲ್ಲಿ ಮಾಡೆಲ್ ಹೆಸರು ಕಾಣಲಿ ಎಂಬ ಒಂದೇ ಆಸೆಗೆ ಇಷ್ಟು ಮಾಡಬೇಕಿಲ್ಲ.

ಐಎನ್‌ಎಫ್ ಹಾಕಿದ ಮೇಲೆ ಫೋಟೊಗಳ ಬಿಳಿ ಭಾಗ ಹಳದಿಯಾಗಿ ಕಂಡರೆ, ಜೊತೆಗೆ ಬಂದ ಕಲರ್ ಪ್ರೊಫೈಲ್ ಮೇಲೆ ಅನುಮಾನಪಡಿ. ಸರ್ಚ್‌ನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ತೆರೆದು, ನಿಮ್ಮ ಮಾನಿಟರ್ ಆರಿಸಿ, ಆ ಪ್ರೊಫೈಲ್ ತೆಗೆದುಹಾಕಿ, ಫೋಟೊ ಆ್ಯಪ್ ಮುಚ್ಚಿ ಮತ್ತೆ ತೆರೆಯಿರಿ.