ಮಿಶಿಗನ್‌ಗೆ ಹೊರಟವರಿಗೆ: ಗಾರ್ಡನ್ ಕ್ಲಬ್ಬು, ಡೇರೆ ಗಡ್ಡೆ ಮತ್ತು ನನ್ನ ಪೆದ್ದುತನ

ಶಿರಸಿಯ ಮನೆಯ ಜಗಲಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಆರಿದ್ರಾ ಮಳೆ ಹಿಡಿದು ಮೂರು ದಿನ ಆಯಿತು, ಬೆಳಿಗ್ಗೆಯಿಂದ ಕರೆಂಟ್ ಇಲ್ಲ. ಪಕ್ಕದ ಮನೆಯ ಹುಡುಗಿ ಮದುವೆಯಾಗಿ ಆಗಸ್ಟಿನಲ್ಲಿ ಡೆಟ್ರಾಯಿಟ್ ಕಡೆಗೆ ಹೊರಟಿದ್ದಾಳೆ. ನಾನು ಅದೇ ಕಡೆ ಹತ್ತೊಂಬತ್ತು ವರ್ಷದಿಂದ ಇರುವವಳು ಅಂತ ನಿನ್ನೆ ಸಂಜೆ ಪುಸ್ತಕ, ಪೆನ್ನು ಹಿಡಿದುಕೊಂಡೇ ಬಂದಿದ್ದಳು. "ಅಕ್ಕಾ, ಕುಕ್ಕರ್ ತಗೊಂಡು ಹೋಗಬೇಕಾ? ಮಿಕ್ಸಿ ಅಲ್ಲಿ ನಡೆಯುತ್ತದಾ?" ಕುಕ್ಕರ್ ಒಯ್ಯಿ, ಮಿಕ್ಸಿ ಬೇಡ, ಅಲ್ಲಿ 120 ವೋಲ್ಟ್. ಬ್ಯಾಂಕು, ಲೈಸೆನ್ಸು, ಬಾಡಿಗೆ ಕಾಗದ ಎಲ್ಲ ಗಂಡನ ಆಫೀಸಿನವರು ಹೇಳಿಕೊಡುತ್ತಾರೆ. ಆಮೇಲೆ ನಾನು, "ಅಲ್ಲಿಗೆ ಹೋದ ಮೊದಲ ವರ್ಷವೇ ಆ ಊರಿನ ಗಾರ್ಡನ್ ಕ್ಲಬ್ ಸೇರಿಕೋ" ಎಂದೆ. ಅವಳು ಜೋರಾಗಿ ನಕ್ಕಳು. "ತೋಟದ ಕೆಲಸ ತಪ್ಪಿಸಿಕೊಳ್ಳಲಿಕ್ಕೇ ಅಲ್ವಾ ಅಕ್ಕಾ ನಾವು ಓದಿದ್ದು?"

ನಾನೂ ಹಾಗೇ ಅಂದುಕೊಂಡಿದ್ದೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ, ಸ್ವಲ್ಪ ಉದ್ದವಾಗಿ.

ಮೊದಲು ಬ್ಯಾಗಿನ ವಿಷಯ. ನಾನು ಮೊದಲ ಸಲ ಹೋಗುವಾಗ ಹಳೇ ಸೀರೆಯೊಳಗೆ ಮೊಗೆಕಾಯಿ ಬೀಜ, ಬಸಳೆ ದಂಟು, ಕರಿಬೇವಿನ ಎರಡು ಸಸಿ, ಆಮೇಲೆ ಆಯಿ, ಅಂದರೆ ನನ್ನ ಅಮ್ಮ, ಪೇಪರಿನಲ್ಲಿ ಸುತ್ತಿ ಕೊಟ್ಟ ನಾಲ್ಕು ಡೇರೆ ಹೂವಿನ ಗಡ್ಡೆ ಕಟ್ಟಿಕೊಂಡಿದ್ದೆ. ಫಾರ್ಮಿನಲ್ಲಿ ಗಿಡ, ಬೀಜ ಇದೆಯಾ ಎಂದು ಕೇಳಿದ್ದಕ್ಕೆ 'ಇಲ್ಲ' ಎಂದು ಗೀಟು ಹಾಕಿದೆ. ವಿಮಾನ ನಿಲ್ದಾಣದಲ್ಲಿ ಸೀರೆ ಬಿಚ್ಚಿಸಿ ಎಲ್ಲವನ್ನೂ ತೆಗೆದರು. ಹೊಸಬಳು ಅಂತ ದಂಡ ಹಾಕದೆ ಬಿಟ್ಟರು. ನಿಮ್ಮನ್ನು ಬಿಡುತ್ತಾರೆ ಅಂತ ಗ್ಯಾರಂಟಿ ಇಲ್ಲ, ದಂಡ ನೂರಾರು ಡಾಲರ್ ಆಗುತ್ತದೆ. ನಾಲ್ಕು ಗಡ್ಡೆ ಕಸದ ಚೀಲಕ್ಕೆ ಬಿದ್ದ ಸದ್ದು ಈಗಲೂ ಕಿವಿಯಲ್ಲಿದೆ. ಎಷ್ಟೋ ವರ್ಷ ಆ ಮನುಷ್ಯನನ್ನು ಬೈದುಕೊಂಡೆ. ಒಂದು ಗೆಲ್ಲು, ಒಂದು ಗಡ್ಡೆ ಕೊಟ್ಟು ತಗೊಳ್ಳುವುದೂ ಅಪರಾಧವೇ?

ಉತ್ತರ ಸಿಕ್ಕಿದ್ದು ಕ್ಲಬ್ಬಿನಲ್ಲೇ. ಪಕ್ಕ ಕೂತಿದ್ದ ಅಜ್ಜರೊಬ್ಬರು ತಮ್ಮ ಬೀದಿಯ ಹಳೇ ಫೋಟೋ ತೋರಿಸಿದರು. ಎರಡೂ ಕಡೆ ದೊಡ್ಡ ಆ್ಯಶ್ ಮರಗಳು, ಮೇಲೆ ಚಪ್ಪರ ಹಾಕಿದ ಹಾಗೆ ಕೂಡಿಕೊಂಡಿದ್ದವು. ಈಗ ಒಂದೂ ಇಲ್ಲ. ಎಲ್ಲವನ್ನೂ ಕೊಂದದ್ದು ಏಷ್ಯಾದಿಂದ ಬಂದ ಹಸಿರು ಬಣ್ಣದ ಒಂದು ಚಿಕ್ಕ ದುಂಬಿ, ಸಾಮಾನು ಕಟ್ಟಿದ ಮರದ ಪೆಟ್ಟಿಗೆಯಲ್ಲಿ ಬಂದಿರಬೇಕು ಅನ್ನುತ್ತಾರೆ. ಅದು ಅಮೆರಿಕದಲ್ಲಿ ಮೊದಲು ಪತ್ತೆಯಾದದ್ದು 2002 ರಲ್ಲಿ, ಡೆಟ್ರಾಯಿಟ್ ಹತ್ತಿರವೇ. ಅಲ್ಲಿಂದ ಹಬ್ಬಿ ಕೋಟಿಗಟ್ಟಲೆ ಮರ ಸತ್ತವು. ಕರಿಬೇವಿನ ಕಥೆಯೂ ಹಾಗೇ. ಅದರ ಮೇಲೆ ಕೂರುವ ಒಂದು ಸಣ್ಣ ಕೀಟ ಕಿತ್ತಳೆ, ನಿಂಬೆ ತೋಟಗಳಿಗೆ ರೋಗ ಹಚ್ಚುತ್ತದೆ. ನಮ್ಮ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದಾಗ ಜನ ಹೇಗೆ ಮುಖ ಮಾಡಿಕೊಂಡು ಓಡಾಡಿದರು ಅಂತ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದ್ದರಿಂದ ಬೀಜ, ಗಡ್ಡೆ ಒಯ್ಯಬೇಡಿ. ತೋಟಕ್ಕೆ ಹಾಕಿದ ಚಪ್ಪಲಿ ಒಯ್ಯುವುದಾದರೆ ಕೆಂಪು ಮಣ್ಣು ಚೆನ್ನಾಗಿ ತೊಳೆದು ಇಟ್ಟುಕೊಳ್ಳಿ.

ಎರಡನೇ ಪೆದ್ದುತನ ಚಳಿಯದ್ದು. ಏಪ್ರಿಲ್‌ನಲ್ಲಿ ಒಂದು ವಾರ ಬಿಸಿಲು ಬಂತು. ಬೇಸಿಗೆ ಬಂತು ಅಂತ ಟೊಮೆಟೊ, ಬದನೆ, ಬಸಳೆ ಎಲ್ಲ ನೆಟ್ಟುಬಿಟ್ಟೆ. ಒಂದೇ ರಾತ್ರಿ ಫ್ರಾಸ್ಟ್, ಅಂದರೆ ಹೆಪ್ಪುಗಟ್ಟಿದ ಇಬ್ಬನಿ, ಬಿತ್ತು, ಬೆಳಿಗ್ಗೆ ನೋಡಿದರೆ ಯಾರೋ ಕುದಿಯುವ ನೀರು ಸುರಿದ ಹಾಗೆ ಎಲೆಗಳು ಕಪ್ಪಾಗಿದ್ದವು. ನಮಗೆ ಗೊತ್ತಿರುವುದು ನೀರು ಜಾಸ್ತಿಯಾಗಿ ಕೊಳೆಯುವುದು ಮಾತ್ರ. ಅಲ್ಲಿ ಮೇ ಅರ್ಧ ಕಳೆಯುವ ತನಕ ಇಂಥವನ್ನು ಹೊರಗೆ ನೆಡಬಾರದು. ಬಟಾಣಿ, ಪಾಲಕ್ ಬೇಕಾದರೆ ಏಪ್ರಿಲ್‌ನಲ್ಲೇ ಹಾಕಿ, ಅವು ತಡೆಯುತ್ತವೆ. ಹಾಗೆಯೇ ಮಣ್ಣು. ನಮ್ಮದು ಹುಳಿ ಮಣ್ಣು, ತೋಟಕ್ಕೆ ಸುಣ್ಣ ಹಾಕಿ ಅಭ್ಯಾಸ. ಅದೇ ಅಭ್ಯಾಸದಲ್ಲಿ ನಾನು ಬ್ಲೂಬೆರಿ ಬುಡಕ್ಕೆ ಒಲೆಯ ಬೂದಿ ಸುರಿದೆ. ಬ್ಲೂಬೆರಿಗೆ ಹುಳಿ ಮಣ್ಣೇ ಬೇಕು, ನಮ್ಮ ಬಡಾವಣೆಯ ಜೇಡಿಯಲ್ಲಿ ಮೊದಲೇ ಅದಕ್ಕೆ ಉಸಿರು ಕಟ್ಟಿತ್ತು, ಮೇಲಿಂದ ನಾನು ಬೂದಿ ಹಾಕಿ ಶ್ರಾದ್ಧ ಮಾಡಿದೆ. ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯ ಎಕ್ಸ್‌ಟೆನ್ಶನ್‌ನವರು, ಅಂದರೆ ಕೃಷಿ ವಿಸ್ತರಣಾ ವಿಭಾಗದವರು, ಮಣ್ಣು ಪರೀಕ್ಷೆ ಮಾಡಿ ಕೊಡುತ್ತಾರೆ. ಮೊದಲು ಅದು ಮಾಡಿಸಿ.

ಮೂರನೆಯದನ್ನು ಹೇಳಲಿಕ್ಕೆ ನಾಚಿಕೆ. ಕದ್ದು ತಂದ ಗಿಡ ಬೇಗ ಹತ್ತುತ್ತದೆ ಅಂತ ನಮ್ಮಲ್ಲಿ ಹೇಳುತ್ತಾರಲ್ಲ. ಒಂದು ಸಂಜೆ ವಾಕ್ ಹೋದಾಗ ಯಾರದ್ದೋ ಅಂಗಳದಲ್ಲಿ ಹೈಡ್ರೇಂಜ ತುಂಬಿಕೊಂಡು ಹೂ ಬಿಟ್ಟಿತ್ತು, ಸುಮ್ನೆ ಒಂದು ಗೆಲ್ಲು ಮುರಿದೆ. ಬಾಗಿಲು ತೆರೆಯಿತು. ಆಕೆ ಕೂಗಲಿಲ್ಲ. "ಕೇಳಿದ್ದರೆ ಕೊಡುತ್ತಿದ್ದೆ" ಎಂದಳು, ಅಷ್ಟೇ. ಗೆಲ್ಲನ್ನು ಕೈಯಲ್ಲಿ ಹಿಡಿದು ನಿಂತವಳಿಗೆ ಅದನ್ನು ವಾಪಸ್ ಕೊಡುವುದೋ, ಒಯ್ಯುವುದೋ ತಿಳಿಯಲಿಲ್ಲ. ಆಮೇಲೆ ಆಕೆಯೂ ಅದೇ ಕ್ಲಬ್ಬಿನಲ್ಲಿದ್ದಾಳೆ ಎಂದು ಗೊತ್ತಾಯಿತು. ಸಿನಿಮಾ ಆಗಿದ್ದರೆ ನಾವಿಬ್ಬರೂ ಗೆಳತಿಯರಾಗಬೇಕಿತ್ತು. ಆಗಲಿಲ್ಲ. ಇವತ್ತಿಗೂ ಕಂಡರೆ ತಲೆ ಆಡಿಸುತ್ತಾಳೆ, ನಾನೂ ಆಡಿಸುತ್ತೇನೆ.

ಇನ್ನು ಕ್ಲಬ್. ವರ್ಷದ ಚಂದಾ ಇಬ್ಬರು ಹೋಟೆಲಿನಲ್ಲಿ ಊಟ ಮಾಡಿದಷ್ಟು. ತಿಂಗಳಿಗೊಂದು ಸಭೆ, ನಮ್ಮದು ಲೈಬ್ರರಿಯ ಒಂದು ಕೋಣೆಯಲ್ಲಿ. ಮೊದಲ ಎರಡು ವರ್ಷ ನಾನು ಮದುವೆ ಮನೆಗೆ ಬಂದ ನೆಂಟರ ಹಾಗೆ ಹಿಂದಿನ ಸಾಲಿನಲ್ಲಿ ಕೂತು, ಕುಕೀಸ್ ತಿಂದು, ಕೈ ಮುಗಿಯುವುದೊಂದು ಬಾಕಿ, ಎದ್ದು ಬರುತ್ತಿದ್ದೆ. ಯಾರೂ ಮಾತಾಡಿಸುವುದಿಲ್ಲ ಅಂತ ಮನೆಯಲ್ಲಿ ಗೊಣಗುತ್ತಿದ್ದೆ. ಮೇ ತಿಂಗಳ ಗಿಡ ಮಾರಾಟಕ್ಕೂ ಗಿರಾಕಿಯಾಗಿಯೇ ಹೋದೆ. ಅದು ಅಂಗಡಿ ಅಲ್ಲ, ಗೊತ್ತಾ? ಸದಸ್ಯರೇ ತಮ್ಮ ತಮ್ಮ ಹಿತ್ತಲಿನ ಅಗಲ ಎಲೆಯ ಹೋಸ್ಟ, ಐರಿಸ್, ಡೇಲಿಲಿ ಹಿಂಡಿಲನ್ನು ಅಗೆದು, ಸೀಳಿ, ಕುಂಡಕ್ಕೆ ಹಾಕಿ, ಹೆಸರು ಬರೆದು ತಂದಿರುತ್ತಾರೆ. ಬಂದ ದುಡ್ಡಿನಲ್ಲಿ ಲೈಬ್ರರಿಯ ಎದುರಿನ ಹೂವಿನ ಪಾತಿ, ಶಾಲೆ ಮಕ್ಕಳ ತರಕಾರಿ ತೋಟ ನಡೆಯುತ್ತದೆ. ಮೂರನೇ ವರ್ಷ ಒಬ್ಬರಿಗೆ ಕಾಲು ಉಳುಕಿತು ಅಂತ ಅವರ ಹಿತ್ತಲು ಅಗೆಯಲು ಐದು ಜನ ಹೋದರು, ಒಬ್ಬರು ಕಡಿಮೆ ಬಿದ್ದರು, ನನ್ನನ್ನು ಕರೆದರು. ಅಗೆಯುತ್ತಾ ಇದ್ದ ಹಾಗೆ ಥಟ್ಟನೆ ಹೊಳೆಯಿತು. ಅಯ್ಯೋ, ಇದು ಮುರಿಯಾಳು! ಅಡಿಕೆ ಸುಲಿಯುವಾಗ ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು ಅಂತ ಹೋಗುತ್ತಿದ್ದೆವಲ್ಲ, ಅದೇ. ಅವತ್ತು ಮಧ್ಯಾಹ್ನ ಮಣ್ಣು ಕೈಯಲ್ಲೇ ಸ್ಯಾಂಡ್‌ವಿಚ್ ತಿನ್ನುವಾಗ ಮೊದಲ ಸಲ ನನ್ನ ಹೆಸರನ್ನು ಸರಿಯಾಗಿ ಹೇಳುವುದು ಹೇಗೆ ಅಂತ ಒಬ್ಬರು ಕೇಳಿದರು.

ಕೆಲಸ ಹಂಚಿಕೊಂಡ ಮೇಲೆ ಕೆಡಿಸಿದ್ದೂ ಇದೆ. ಜುಲೈನಲ್ಲಿ ಲೈಬ್ರರಿ ಪಾತಿಗೆ ನೀರು ಹಾಕುವ ಪಾಳಿ ನನ್ನದು. ಶಿರಸಿಯವಳಿಗೆ ಜುಲೈನಲ್ಲಿ ಗಿಡಕ್ಕೆ ನೀರು ಹಾಕು ಅಂದರೆ ನಗು ಬರುವುದಿಲ್ಲವೇ? ನಮ್ಮಲ್ಲಿ ವರ್ಷಕ್ಕೆ 2,000 ಮಿ.ಮೀ.ಗಿಂತ ಜಾಸ್ತಿ ಮಳೆ, ಅದೂ ಹೆಚ್ಚಿನದೆಲ್ಲ ಇದೇ ನಾಲ್ಕು ತಿಂಗಳಲ್ಲಿ. ಡೆಟ್ರಾಯಿಟಿನಲ್ಲಿ ವರ್ಷವಿಡೀ ಸೇರಿ ಅದರ ಅರ್ಧವೂ ಇಲ್ಲ. ಮೋಡ ಕಂಡರೆ ಸಾಕು, ನಾನು ಪೈಪ್ ಮುಟ್ಟುತ್ತಿರಲಿಲ್ಲ. ಗಿಡಗಳು ತಲೆ ಬಾಗಿಸಿದವು. ಯಾರೂ ಬೈಯಲಿಲ್ಲ. 'ಸುಮ್ಮನೆ ನೆನಪಿಸುವುದಕ್ಕೆ' ಅಂತ ಎಲ್ಲರಿಗೂ ಒಂದು ಇಮೇಲ್ ಬಂತು, ಬಿಸಿಲು ಹೆಚ್ಚಿದೆ, ಪಾಳಿ ಇರುವವರು ನೋಡಿಕೊಳ್ಳಿ ಎಂದು. ಅದು ನನಗೆ ಬೈದದ್ದು ಎಂದು ತಿಳಿಯಲಿಕ್ಕೆ ಒಂದು ವಾರ ಬೇಕಾಯಿತು, ಅಷ್ಟರಲ್ಲಿ ಬೇರೆ ಯಾರೋ ಬಂದು ನೀರು ಹಾಕಿ ಹೋಗುತ್ತಿದ್ದರು. ನಮ್ಮೂರಲ್ಲಾದರೆ ಎದುರಿಗೇ "ಏನೇ, ಕಣ್ಣು ಕಾಣುವುದಿಲ್ಲವಾ" ಎಂದು ಮುಗಿಸುತ್ತಿದ್ದರು. ಅಲ್ಲಿನ ನಯವಾದ ಮಾತಿನಲ್ಲಿ ಬೈಗುಳ ಎಲ್ಲಿದೆ ಎಂದು ಹುಡುಕುವುದನ್ನು ಕಲಿತುಕೊಳ್ಳಿ.

ಚಳಿಗಾಲದಲ್ಲಿ ಕ್ಲಬ್ ಮಲಗುತ್ತದೆ ಅಂದುಕೊಳ್ಳಬೇಡಿ. ಜನವರಿ ಕೊನೆಯಲ್ಲಿ ಬೀಜ ಅದಲು ಬದಲು ಇರುತ್ತದೆ. ಹೊರಗೆ ಮೊಣಕಾಲು ಮುಟ್ಟುವ ಹಿಮ, ಒಳಗೆ ಮೇಜಿನ ತುಂಬಾ ಲಕೋಟೆ. ನಮ್ಮ ಶಿರಸಿಯಲ್ಲಿ ವನಸ್ತ್ರೀ ಬಳಗದ ಹೆಂಗಸರು ಎಷ್ಟೋ ವರ್ಷದಿಂದ ಮಾಡುತ್ತಿರುವುದೂ ಇಂಥದ್ದೇ ಕೆಲಸ. ಊರಲ್ಲಿದ್ದಾಗ ನಾನು ಆ ಕಡೆ ತಿರುಗಿಯೂ ನೋಡಿರಲಿಲ್ಲ. ಜೂನ್‌ನಲ್ಲಿ ಸದಸ್ಯರ ಮನೆ ಮನೆಯ ತೋಟ ನೋಡುವ ದಿನ, ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ಹುಲ್ಲಿಗೆ ಇಳಿದು ಬಂದ ಮೇಲೆ ಮೈ ನೋಡಿಕೊಳ್ಳಿ, ಅಲ್ಲೂ ಉಣುಗು ಇದೆ. ನಮ್ಮಲ್ಲಿ ಅದು ಮಂಗನ ಕಾಯಿಲೆ ತರುತ್ತದೆ, ಅಲ್ಲಿ ಲೈಮ್ ಕಾಯಿಲೆ. ಒಂದಕ್ಕೆ ಕ್ಯಾಸನೂರಿನ ಹೆಸರು, ಇನ್ನೊಂದಕ್ಕೂ ಒಂದು ಊರಿನದ್ದೇ ಹೆಸರು. ಪಾಪ ಊರುಗಳು.

ಅಕ್ಟೋಬರಿನಲ್ಲಿ ನನ್ನ ಹೊಟ್ಟೆ ಉರಿಯುವ ಕೆಲಸ ಒಂದು ನಡೆಯುತ್ತದೆ. ಜನ ಒಳ್ಳೊಳ್ಳೆಯ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ, ಚೀಲಕ್ಕೆ ತುಂಬಿ ರಸ್ತೆ ಬದಿಗೆ ಇಡುತ್ತಾರೆ! ಒಂದು ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆ ತನಕ ಸೊಪ್ಪಿನ ಬೆಟ್ಟ, ಅಂದರೆ ಗೊಬ್ಬರಕ್ಕೆ ಸೊಪ್ಪು, ದರಕು ತರುವ ಕಾಡು, ಇಟ್ಟುಕೊಂಡ ಸೀಮೆಯವಳು ನಾನು. ಮನೆ ಮನೆ ಕೇಳಿ ಹದಿನೆಂಟು ಚೀಲ ತಂದು ಹಿತ್ತಲಲ್ಲಿ ರಾಶಿ ಹಾಕಿದೆ. ಬಡಾವಣೆಯ ಸಂಘದಿಂದ ಚೀಟಿ ಬಂತು, ಅಂದ ಕೆಡುತ್ತದೆ ಎಂದು. ಕ್ಲಬ್ಬಿನವರು ಮಾತ್ರ ಆ ರಾಶಿ ನೋಡಲಿಕ್ಕೆ ಬಂದರು, ಮುಂದಿನ ಸಭೆಯಲ್ಲಿ ಬೆಟ್ಟ, ದರಕು, ಗೊಬ್ಬರಗುಂಡಿ ಅಂತ ಇಪ್ಪತ್ತು ನಿಮಿಷ ಮಾತಾಡಿಸಿದರು. ಅಪ್ಪಯ್ಯ ಕೇಳಿದ್ದರೆ ನಗುತ್ತಿದ್ದರು. ದರಕು ಹೊರಲು ಕರೆದರೆ ಪರೀಕ್ಷೆ ಇದೆ ಅಂತ ಒಳಗೆ ಓಡುತ್ತಿದ್ದ ಮಗಳು.

ಮಕ್ಕಳನ್ನು ಕರೆದುಕೊಂಡು ಹೋಗಿ. ನನ್ನ ಮಗಳು ಎಂಟು ವರ್ಷದವಳಿದ್ದಾಗ ಕ್ಲಬ್ಬಿನ ಹೂ ಪ್ರದರ್ಶನದಲ್ಲಿ ಚೆಂಡು ಹೂವಿಗೆ ಮೊದಲ ಬಹುಮಾನದ ನೀಲಿ ರಿಬ್ಬನ್ ತಂದಳು. ಫೋನಿನಲ್ಲಿ ಆಯಿಗೆ ಹೇಳಿದರೆ, "ಹೌದಾ, ಮುಡಿದುಕೊಂಡಳಾ?" ಎಂದು ಕೇಳಿದಳು. ನಾವಿಬ್ಬರೂ ಸುಮ್ಮನಾದೆವು. ಅಲ್ಲಿ ಹೂವನ್ನು ಅಷ್ಟು ಮುತುವರ್ಜಿಯಿಂದ ಬೆಳೆಯುತ್ತಾರೆ, ಬಾಟಲಿಗೆ ಇಡುತ್ತಾರೆ, ಅಳತೆ ಮಾಡುತ್ತಾರೆ, ಮುಡಿಯುವುದಿಲ್ಲ. ಮಗಳಿಗೆ ಹೋಸ್ಟದಲ್ಲಿ ಆರು ಜಾತಿ ಗೊತ್ತು. ಈ ಸಲ ಊರಿಗೆ ಬಂದಾಗ ಕೆಸುವಿನ ಎಲೆ ತೋರಿಸಿ ಅದೂ ಹೋಸ್ಟವಾ ಎಂದು ಕೇಳಿದಳು. ಪತ್ರೊಡೆ ಮಾತ್ರ ನಾಲ್ಕು ತಿಂದಳು.

ಡೇರೆ ವಿಷಯ ಉಳಿಯಿತು. ಒಂದು ಸೆಪ್ಟೆಂಬರ್ ಸಭೆಗೆ ಯಾರೋ ಬಕೆಟ್ ತುಂಬಾ ಹೂ ತಂದಿದ್ದರು. ನಾನು ಎಲ್ಲರೆದುರು "ಡೇರೆ!" ಎಂದು ಕೂಗಿಬಿಟ್ಟೆ. ಅವರ ಬಾಯಲ್ಲಿ ಡಾಲಿಯ. ಅದು ಮೆಕ್ಸಿಕೊದ ಗಿಡ, ಸ್ವೀಡನ್ನಿನ ಡಾಲ್ ಎಂಬ ಸಸ್ಯಶಾಸ್ತ್ರಜ್ಞನ ಹೆಸರು. ಅವರದ್ದೂ ಅಲ್ಲ, ನಮ್ಮದೂ ಅಲ್ಲ. ಎರಡು ಗಡ್ಡೆ ಕೊಟ್ಟರು, ನೆಟ್ಟೆ, ಹೂ ಬಂತು, ಊರಿನ ಹಾಗೇ ನೆಲದಲ್ಲೇ ಬಿಟ್ಟೆ. ಅಲ್ಲಿ ನೆಲವೇ ಹೆಪ್ಪುಗಟ್ಟುತ್ತದೆ. ಮೇ ತಿಂಗಳಲ್ಲಿ ಅಗೆದರೆ ಕೊಳೆತ ಬಾಳೆಹಣ್ಣಿನ ಹಾಗಿತ್ತು. ಮೊದಲ ಫ್ರಾಸ್ಟಿಗೆ ಗಿಡ ಕಪ್ಪಾದ ಮೇಲೆ ದಂಟು ಕತ್ತರಿಸಿ, ಗಡ್ಡೆ ಕಿತ್ತು, ಬೇಸ್‌ಮೆಂಟಿನಲ್ಲಿ ಮರದ ಹೊಟ್ಟಿನೊಳಗೆ ಇಡಬೇಕು, ತಂಪಿರಬೇಕು, ಹೆಪ್ಪುಗಟ್ಟಬಾರದು. ಸೀಳುವಾಗ ಪ್ರತಿ ಗಡ್ಡೆಗೂ ಒಂದು ಕಣ್ಣು ಇರಲೇಬೇಕು.

ಈಗ ನನ್ನಲ್ಲಿ ಹನ್ನೊಂದು ಬಣ್ಣ ಇವೆ. ಆಯಿಯದ್ದು, ಕೆಂಪಿಗೆ ತುದಿ ಬಿಳಿ, ಅದೊಂದಿಲ್ಲ. ಆಯಿ ಹೋದ ಮೇಲೆ ಈ ಅಂಗಳದಲ್ಲಿ ಗಡ್ಡೆ ತೆಗೆದಿಡುವವರು ಇರಲಿಲ್ಲ, ಈಗ ಕ್ರೋಟನ್ ಮಾತ್ರ ಇದೆ. ಆಯಿ ಯಾರು ಯಾರಿಗೆ ಗಡ್ಡೆ ಕೊಟ್ಟಿದ್ದಳು ಎಂದು ನಾಲ್ಕು ಮನೆಯಲ್ಲಿ ಕೇಳಿದೆ. "ಇತ್ತು ಮಾರಾಯ್ತಿ, ಯಾವುದೋ ಮಳೆಗಾಲ ಕೊಳೆತು ಹೋಯಿತು" ಎನ್ನುತ್ತಾರೆ. ಸಿಕ್ಕಿದ್ದರೂ ಒಯ್ಯುವ ಹಾಗಿಲ್ಲ, ಅದು ಬೇರೆ.

ಪಕ್ಕದ ಮನೆಯ ಹುಡುಗಿಗೆ ಹೇಳಿದ್ದೇನೆ, ಆ ಕಡೆಗೆ ಬರುವ ಬೇರೆಯವರಿಗೂ ಅದೇ ಮಾತು. ಸಾಮಾನ್ಯವಾಗಿ ಅಕ್ಟೋಬರ್ ಮಧ್ಯದ ಶನಿವಾರ ಗಡ್ಡೆ ಕೀಳುತ್ತೇವೆ, ಬೆಳಿಗ್ಗೆ ಎಂಟಕ್ಕೆ ಬನ್ನಿ, ಹಳೇ ಬೂಟು ಇರಲಿ, ಮಧ್ಯಾಹ್ನ ತಂಬುಳಿ ಊಟ. ಒಬ್ಬೊಬ್ಬರಿಗೆ ಎರಡು ಗಡ್ಡೆ. ಅಪಾರ್ಟ್‌ಮೆಂಟಿನಲ್ಲಿ ಇಡಲು ತಂಪು ಜಾಗ ಇಲ್ಲದಿದ್ದರೆ ಹೆಸರು ಬರೆದು ನನ್ನ ಬೇಸ್‌ಮೆಂಟಿನಲ್ಲೇ ಬಿಡಿ, ಮೇ ತಿಂಗಳಲ್ಲಿ ಒಯ್ಯಿರಿ.