ಜೂನ್ ತಿಂಗಳ ಅಳು ನಿಂತಿದ್ದು ಹೀಗೆ

ನಮ್ಮದು ತಾಂಡಾ ಶಾಲೆ. ಇಬ್ಬರೇ ಟೀಚರ್‌, ನಲಿಕಲಿ (ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು ಆಡುತ್ತಾ ಕಲಿಯೋ ಪದ್ಧತಿ) ನನ್ನ ಪಾಲಿಗೆ. ಪ್ರತಿ ಜೂನ್‌ನಲ್ಲೂ ಒಂದನೇ ಕ್ಲಾಸಿಗೆ 10-12 ಮಕ್ಕಳು. ಅರ್ಧದಷ್ಟು ಜುಲೈ ಮುಗಿಯೋ ತನಕ ಗೇಟ್ ಹಿಡಿದು ಅಳುತ್ತಿದ್ದವು. ಅಂಗನವಾಡಿ ಸಹಾಯಕಿಯ ನೆರವು ಪಡೆದ ಮೇಲೆ, ಈಗೆರಡು ವರ್ಷದಿಂದ ಆ ಗೋಳಿಲ್ಲ. “ಅಂಗನವಾಡಿಯವರನ್ನ ಯಾಕೆ ಎಳೀತೀರಾ ಮೇಡಂ, ಅವರ ಇಲಾಖೆನೇ ಬೇರೆ” ಅಂದವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಮಾಡಿದ್ದೆಲ್ಲ ದಂಡ. ಪ್ರಾರಂಭೋತ್ಸವಕ್ಕೆ ಬಲೂನು, ಕಿರೀಟ, ಲಾಡು ಅಂತ ಕೈಯಿಂದ 2,000 ರೂಪಾಯಿ ಹತ್ತಿರ ಹೋಯಿತು. ಮಧ್ಯಾಹ್ನದೊಳಗೆ ಬಲೂನು ಒಡೆದವು, ಅಳು ಶುರು. ಮರುವರ್ಷ ತಾಯಂದಿರನ್ನು ಒಳಗೇ ಕೂರಿಸಿದೆ. ಅಮ್ಮ ಎದ್ದರೆ ಮಗುವೂ ಎದ್ದಿತು. ಬೆಂಗಳೂರಿಗೆ ಗುಳೆ ಹೋದವರ ಮಕ್ಕಳಿಗೆ ಆ ಅಮ್ಮನೂ ಇಲ್ಲ. ಬೇರೆಯವರ ಅಮ್ಮಂದಿರನ್ನು ನೋಡಿ ಈ ಮಕ್ಕಳು ಇನ್ನೂ ಜಾಸ್ತಿ ಅತ್ತವು.

ದಾರಿಗೆ ತಂದದ್ದು ಅಂಗನವಾಡಿ ಸಹಾಯಕಿ. ತಾಂಡಾದವರೇ, ಮಕ್ಕಳ ಜೊತೆ ಲಂಬಾಣಿಯಲ್ಲೇ ಮಾತು. ಫೆಬ್ರವರಿಯಿಂದ ಪ್ರತಿ ಶನಿವಾರ ಒಂದು ತಾಸು ಅಂಗನವಾಡಿಯ ದೊಡ್ಡ ಮಕ್ಕಳನ್ನು ನಮ್ಮ ಶಾಲೆಗೆ ಕರೆತಂದರು. ಪಾಠ ಇಲ್ಲ. ಮಕ್ಕಳ ಚಿತ್ರ, ಬರಹ ತೂಗುಹಾಕೋ ನಲಿಕಲಿ ಚಪ್ಪರದ ಕೆಳಗೆ ಕೂರೋದು, ಗೋಡೆ ಹಲಗೆ ಮೇಲೆ ಗೀಚೋದು, ಶಾಲೆಯೆಲ್ಲ ಸುತ್ತೋದು.

ಹಾಗೆ ಸುತ್ತುವಾಗಲೇ ಶೌಚಾಲಯದ ಗುಟ್ಟು ಸಹಾಯಕಿಯ ಕಣ್ಣಿಗೆ ಬಿದ್ದಿದ್ದು. ಚಿಲಕ ಎತ್ತರದಲ್ಲಿ, ಒಳಗೆ ಕತ್ತಲೆ. ಮಕ್ಕಳು ತಡೆದುಕೊಂಡು ಕೂತು, ತಡೆಯಲಾಗದೆ ಅಳುತ್ತಿದ್ದವು! ಎಸ್‌ಡಿಎಂಸಿ (ಪೋಷಕರೇ ಇರೋ ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ಕೆಳಗೊಂದು ಚಿಲಕ, ಒಳಗೊಂದು ಬಲ್ಬು ಹಾಕಿಸಿಕೊಟ್ಟರು. 350 ರೂಪಾಯಿ ಆಗಿರಬೇಕು. ಬಲೂನಿಗಿಂತ ವಾಸಿ ಅಲ್ವಾ?

ಜೂನ್‌ನ ಮೊದಲೆರಡು ವಾರ ಬೆಳಗಿನ ಹಾಲು ಕುಡಿಸೋ ತನಕ ಸಹಾಯಕಿ ಶಾಲೆಯಲ್ಲೇ ಇರುತ್ತಾರೆ. ಮೊದಲು ನನ್ನ ಪಕ್ಕ, ಆಮೇಲೆ ಬಾಗಿಲ ಹತ್ತಿರ, ಆಮೇಲೆ ಅಡುಗೆ ಕೋಣೆಯಲ್ಲಿ. ಅಷ್ಟು ಹೊತ್ತು ಅಂಗನವಾಡಿ ಟೀಚರ್ ಚಿಕ್ಕವರನ್ನು ಒಬ್ಬರೇ ಸುಧಾರಿಸುತ್ತಾರೆ. ಇದಕ್ಕೆ ಅಂಗನವಾಡಿ ಮೇಲ್ವಿಚಾರಕಿಯನ್ನು ಹೇಗೆ ಒಪ್ಪಿಸಿದೆ ಅನ್ನೋದನ್ನು ಮಾತ್ರ ಬರೆಯಲ್ಲ. ಎದುರಿಗೆ ಸಿಕ್ಕರೆ ಹೇಳ್ತೀನಿ. ಸುತ್ತೋಲೆ ಬರಲಿ ಅಂತ ಕಾಯಬೇಡಿ. 1995ರಲ್ಲಿ ಎಚ್‌.ಡಿ. ಕೋಟೆಯಲ್ಲಿ ನಲಿಕಲಿಯನ್ನು ಟೀಚರ್‌ಗಳೇ ಕೂತು ಕಟ್ಟಲಿಲ್ವಾ?

ನಡುವೆ ಇನ್ನೊಂದು ನೋಡಿದೆ. ಮೂರನೇ ಕ್ಲಾಸಿನ ಒಬ್ಬೊಬ್ಬರಿಗೆ ಒಂದೊಂದು ಹೊಸ ಮಗು ಜೋಡಿ. ಚೆನ್ನಾಗೇ ನಡೀತು. ಆದರೆ ಅಕ್ಕ-ತಮ್ಮನನ್ನು ಜೋಡಿ ಮಾಡಬೇಡಿ, ಮನೆ ಜಗಳ ಕ್ಲಾಸಿಗೆ ಬರುತ್ತೆ. ಅಂಗನವಾಡಿ ತಟ್ಟೆಯನ್ನೇ ಶಾಲೆಗೆ ತರಿಸಿದ್ದು ಮಾತ್ರ ಯಾವ ಪ್ರಯೋಜನಕ್ಕೂ ಬರಲಿಲ್ಲ.

ಹೋದ ಜೂನ್‌ನಲ್ಲಿ ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳೋ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದವರು “ಒಂದನೇ ಕ್ಲಾಸು ಇವತ್ತು ರಜಾನಾ?” ಅಂದರು. ಒಳಗೆ ಹನ್ನೊಂದು ಮಕ್ಕಳಿದ್ದವು!

ಉಳಿದಿರೋದು ಒಂದೇ. ಈ ಕೆಲಸಕ್ಕೆ ಸಹಾಯಕಿಗೆ ಪೈಸೆ ಸಿಗಲ್ಲ. ಯುಗಾದಿಗೆ ನಾನೊಂದು ಸೀರೆ ಕೊಡ್ತೀನಿ, ಅಷ್ಟೆ. ಎಸ್‌ಡಿಎಂಸಿ ಲೆಕ್ಕದಲ್ಲಿ ಏನಾದರೂ ಬರೆಯಲು ಬರುತ್ತಾ ಅಂತ ಈ ಸಲದ ಸಭೆಯಲ್ಲಿ ಕೇಳಬೇಕು.