ಸೋಯಾ ಮೊದಲು, ಗೋವಿನಜೋಳ ಆಮೇಲೆ

ಅಣ್ಣಾರೇ, ಅಕ್ಕಾರೇ, ಸೋಯಾಬೀನ್, ಗೋವಿನಜೋಳ (ಮೆಕ್ಕೆಜೋಳ) ಎರಡೂ ಬೆಳೆ ಒಟ್ಟಿಗೆ ಕೊಯ್ಲಿಗೆ ಬಂದು ಮೋಡ ಕಟ್ಟಿದ್ದರೆ ಮೊದಲು ಸೋಯಾಬೀನ್ ಕೀಳಿ. ಎಲೆ ಉದುರಿ ಕಾಯಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಅದು ಕಾಯುವುದಿಲ್ಲ. ಮಳೆಯಲ್ಲಿ ನೆನೆದು ಮತ್ತೆ ಬಿಸಿಲು ಬಿದ್ದರೆ ಕಾಯಿ ಸಿಡಿದು ಕಾಳು ನೆಲದ ಪಾಲು. ಹೋದ ಸಲ ದರ ಏರುತ್ತದೆಂದು ನಾಲ್ಕು ದಿನ ತಡೆದು ನಾನು ಕಳೆದುಕೊಂಡದ್ದು ಹೀಗೆಯೇ. ಬಿತ್ತನೆಗೆ ಇಡುವವರು ಯಂತ್ರದ ವೇಗ ತಗ್ಗಿಸಿ ರಾಶಿ ಮಾಡಿ, ಸೋಯಾ ಕಾಳಿನ ಸಿಪ್ಪೆ ಬಹಳ ತೆಳು.

ಗೋವಿನಜೋಳಕ್ಕೆ ಸ್ವಲ್ಪ ತಾಳ್ಮೆ ಇದೆ. ಕಾಳಿನ ಬುಡದಲ್ಲಿ ಕಪ್ಪು ಪದರ ಕಂಡರೆ ಬಲಿತಿದೆ ಎಂದರ್ಥ, ಆದರೆ ಆಗ ತೇವಾಂಶ ಇನ್ನೂ 30%ರ ಆಸುಪಾಸು. ರವದಿ (ತೆನೆಯ ಮೇಲಿನ ಸಿಪ್ಪೆ) ಮುಚ್ಚಿ ತೆನೆ ಕೆಳಗೆ ಬಾಗಿದ್ದರೆ ಸಣ್ಣ ಮಳೆ ತಡೆಯುತ್ತದೆ. ದಂಟು ಬೀಳುತ್ತಿದ್ದರೆ ಮಾತ್ರ ಕಾಯಬೇಡಿ. ಮುರಿದ ಹಸಿ ತೆನೆಯನ್ನು ತಾಡಪತ್ರಿ ಮುಚ್ಚಿ ರಾಶಿ ಹಾಕಿ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು: ಒಳಗೆ ಕಾವು ಏರಿ ಬೂಷ್ಟು ಹಿಡಿಯುತ್ತದೆ, ಅಫ್ಲಾಟಾಕ್ಸಿನ್ ವಿಷವೂ ಸೇರಬಹುದು. ಅಂಥ ಕಾಳನ್ನು ದನಕ್ಕೂ ಹಾಕಬೇಡಿ.

ಹಸಿಯಾಗಿಯೇ ಮಾರಬೇಕೋ, ಒಣಗಿಸಬೇಕೋ? ಲೆಕ್ಕ ಹಾಕಿ. 20% ತೇವಾಂಶದ 1 ಕ್ವಿಂಟಲ್ ಗೋವಿನಜೋಳ 14%ಕ್ಕೆ ಒಣಗಿದರೆ ಸುಮಾರು 93 ಕೆ.ಜಿ. ಉಳಿಯುತ್ತದೆ. ಹಸಿಗೆ ಕ್ವಿಂಟಲ್‌ಗೆ ₹1,800 ಕೇಳಿದರೆ ಒಣಗಿದ್ದಕ್ಕೆ ಕ್ವಿಂಟಲ್‌ಗೆ ₹1,935 ಸಿಕ್ಕಾಗ ಸರಿಸಮ, ಆಳಿನ ಕೂಲಿ ಬೇರೆ. ಅದಕ್ಕಿಂತ ಕಡಿಮೆ ವ್ಯತ್ಯಾಸವಿದ್ದು ಆಕಾಶವೂ ನಂಬುವಂತಿಲ್ಲದಿದ್ದರೆ ಹಸಿಯಾಗಿಯೇ ಕೊಟ್ಟುಬಿಡಿ. ಬೆಂಬಲ ಬೆಲೆ ಕೇಂದ್ರಕ್ಕೆ ಒಯ್ಯುವವರು ಮಾತ್ರ ಸೋಯಾ 12%, ಗೋವಿನಜೋಳ 14%ಕ್ಕೆ ಇಳಿಯುವವರೆಗೆ ಒಣಗಿಸಿ, ತೇವಾಂಶ ಅಳೆಸಿಕೊಂಡೇ ಗಾಡಿ ಹೇರಿ.